ಬಿಸಿಲಿಗೆ ಜಾತಿಯಿಲ್ಲ, ನೆರಳಿಗಿದೆ



ಹೋದ ಬೇಸಿಗೆಯ ನಮ್ಮ ಅಧ್ಯಯನ ಶಿಬಿರದಲ್ಲಿ ಹಾಸ್ಟೆಲ್ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಅಣ್ಣಾ, ನಮ್ಮ ಕಾಲೇಜಲ್ಲಿ ಹವಾಮಾನ ನ್ಯಾಯ ಅಂತ ಜಾಥಾ ಇಟ್ಕೊಂಡಿದ್ದಾರೆ. ಬೋರ್ಡು ಹಿಡಿಯೋಕೆ ಹಾಸ್ಟೆಲಿಂದ ಐವತ್ತು ಜನ ಬನ್ನಿ ಅಂದಿದ್ದಾರೆ. ಹೋಗೋದಾ, ಬಿಡೋದಾ?" ಸಭೆಯಲ್ಲಿ ನಗೆ ಎದ್ದಿತು. ಹಿರಿಯ ಕಾರ್ಯಕರ್ತರೊಬ್ಬರು, "ಹೊಟ್ಟೆ ತುಂಬಿದೋರ ಚಳವಳಿ ಕಣಯ್ಯ ಅದು. ನಮ್ಮೂರಲ್ಲಿ ಹೆಣ ಹೂಳೋಕೆ ಇನ್ನೂ ಜಾಗ ಇಲ್ಲ. ಆಕಾಶದ ಚಿಂತೆ ಅವರಿಗಿರಲಿ, ನೆಲದ ಚಿಂತೆ ನಮಗಿರಲಿ" ಅಂದರು. ಚಪ್ಪಾಳೆ ಬಿತ್ತು. ಹುಡುಗ ಕೂತುಕೊಂಡ.

ಚಪ್ಪಾಳೆ ತಟ್ಟಿದವರಲ್ಲಿ ನಾವೂ ಇದ್ದೆವು. ಆದರೆ ಆ ಶಿಬಿರ ನಡೆದದ್ದು ತಗಡಿನ ಶೆಡ್ಡಿನಲ್ಲಿ. ಮಧ್ಯಾಹ್ನ ಎರಡು ಗಂಟೆಗೆ ಇಬ್ಬರು ಹುಡುಗಿಯರು ತಲೆಸುತ್ತಿ ಬಿದ್ದರು. ಅವರಿಗೆ ನೀರು ಚಿಮುಕಿಸಿ, ಟವೆಲ್ಲಿನಿಂದ ಗಾಳಿ ಹಾಕಿ, ಮತ್ತೆ ಭಾಷಣ ಮುಂದುವರಿಸಿದೆವು. ನಮ್ಮ ತಲೆ ಮೇಲೇ ಕಾದು ಕೂತಿದ್ದ ಪ್ರಶ್ನೆಯನ್ನು "ಆಕಾಶದ ಚಿಂತೆ" ಅಂತ ತಳ್ಳಿಹಾಕಿದೆವಲ್ಲ, ಅದು ತಪ್ಪು. ಆ ಹುಡುಗನಿಗೆ ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇವೆ.

ಮೊದಲು ವಿಷಯ ಏನು ಅಂತ ನೋಡೋಣ. ಕಲ್ಲಿದ್ದಲು, ಪೆಟ್ರೋಲು, ಅನಿಲ ಸುಟ್ಟಾಗ ಹುಟ್ಟುವ ಹೊಗೆಯಲ್ಲಿ ಇಂಗಾಲದ ಡೈ ಆಕ್ಸೈಡ್ ಇರುತ್ತದೆ. ಅದು ಭೂಮಿಯ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತು ಶಾಖ ಹೊರಹೋಗದಂತೆ ತಡೆಯುತ್ತದೆ. ಕಾರ್ಖಾನೆಗಳ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಇದು ಸುಮಾರು 280 ಭಾಗ ಇತ್ತು. ಈಗ 420 ದಾಟಿದೆ. 2015ರಲ್ಲಿ ಪ್ಯಾರಿಸ್‌ನಲ್ಲಿ ಸೇರಿದ ದೇಶಗಳೆಲ್ಲ ಭೂಮಿಯ ಬಿಸಿ ಹಳೆಯ ಮಟ್ಟಕ್ಕಿಂತ ಒಂದೂವರೆ ಡಿಗ್ರಿ ಮೀರದಂತೆ ಪ್ರಯತ್ನಿಸುತ್ತೇವೆ ಎಂದು ಒಪ್ಪಿದ್ದವು. 2024ನೇ ವರ್ಷವೊಂದರಲ್ಲೇ ಅದು ಸುಮಾರು 1.55 ಡಿಗ್ರಿ ಮುಟ್ಟಿತು. ನಮ್ಮ ದೇಶದಲ್ಲಿ 2022ರ ಮಾರ್ಚ್ ತಿಂಗಳು ಅದುವರೆಗಿನ 122 ವರ್ಷಗಳ ದಾಖಲೆಯಲ್ಲೇ ಅತಿ ಬಿಸಿಯಾದ ಮಾರ್ಚ್. 2023ರಲ್ಲಿ ನಮ್ಮ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತು.

ಇಷ್ಟು ವಿಜ್ಞಾನ. ಇದನ್ನು ಯಾವ ಮೇಷ್ಟ್ರು ಬೇಕಾದರೂ ಹೇಳಿಕೊಡುತ್ತಾರೆ. ಮೇಷ್ಟ್ರು ಹೇಳದ ಭಾಗ ಇನ್ನು ಮುಂದಿನದು.

ಬಿಸಿಲು ಎಲ್ಲರ ಮೇಲೂ ಬೀಳುತ್ತೆ ಅಂತಾರೆ. ನಿಜ, ಬಿಸಿಲಿಗೆ ಜಾತಿಯಿಲ್ಲ. ಆದರೆ ನೆರಳಿಗಿದೆ. ಯಾರ ಮನೆ ಮುಂದೆ ಹೊಂಗೆ ಮರ, ಯಾರ ಮನೆ ಮೇಲೆ ತಗಡು? ಯಾರು ಫ್ಯಾನಿನಡಿ ಕೂತು ಲೆಕ್ಕ ಬರೀತಾರೆ, ಯಾರು ಡಾಂಬರು ಕಾಯಿಸ್ತಾರೆ? ಇಟ್ಟಿಗೆ ಗೂಡಿನ ಬಾಯಿಯಲ್ಲಿ ನಿಂತವರು ಯಾರು, ಕಬ್ಬು ಕಡಿಯೋರು ಯಾರು, ಮೇ ತಿಂಗಳಲ್ಲಿ ಚರಂಡಿಗೆ ಇಳಿಯೋರು ಯಾರು? ಬೆವರು ಆರಿದರೆ ಮೈ ತಣಿಯುತ್ತೆ. ದುಡಿಯೋ ಮೈಗೆ ರಾತ್ರಿಯಾದರೂ ತಂಪು ಸಿಗಬೇಕು. ಹಗಲೆಲ್ಲ ಕಾದ ತಗಡು ರಾತ್ರಿ ಹನ್ನೊಂದರವರೆಗೂ ಕೆಳಕ್ಕೆ ಶಾಖ ಇಳಿಸ್ತಾ ಇದ್ದರೆ, ಅದರಡಿ ಮಲಗಿದ ಅಪ್ಪ ಬೆಳಿಗ್ಗೆ ಅರ್ಧ ಸತ್ತವನ ಹಾಗೆ ಕೆಲಸಕ್ಕೆ ಎದ್ದು ಹೋಗುತ್ತಾನೆ. ಅರ್ಧ ದಿನಕ್ಕೆ ಸುಸ್ತಾಗಿ ಕೂತರೆ ಅರ್ಧ ಕೂಲಿ. ಈ ಅರ್ಧ ಕೂಲಿಯ ಲೆಕ್ಕ ಯಾವ ಹವಾಮಾನ ವರದಿಯಲ್ಲೂ ಒಂದು ಹೆಸರಾಗಿ ಬರೋದಿಲ್ಲ. ಆದರೆ ಹಾಸ್ಟೆಲಿನಲ್ಲಿರುವ ಮಗನಿಗೆ ಅದು ಗೊತ್ತಾಗುತ್ತೆ. ಆ ತಿಂಗಳು ಮನೆಯಿಂದ ದುಡ್ಡು ಬರೋದಿಲ್ಲ.

ಆಪತ್ತು ಬಂದಾಗ ಜಾತಿ ಮರೆತುಹೋಗುತ್ತೆ ಅನ್ನೋದೂ ಸುಳ್ಳು. 2004ರ ಡಿಸೆಂಬರ್ 26ರ ಸುನಾಮಿ ಭೂಕಂಪದಿಂದ ಎದ್ದದ್ದು, ಹವಾಮಾನದಿಂದಲ್ಲ. ಆದರೂ ಅದರ ಪಾಠವನ್ನು ನಾವು ಮರೆಯಬಾರದು. ತಮಿಳುನಾಡಿನ ನಾಗಪಟ್ಟಿಣಂ ಕಡೆಯ ಪರಿಹಾರ ಶಿಬಿರಗಳಲ್ಲಿ ದಲಿತರನ್ನು ಬೇರೆ ಇಟ್ಟದ್ದು, ನೀರಿನ ಟ್ಯಾಂಕು ಮುಟ್ಟಬೇಡಿ ಅಂದದ್ದು ದಾಖಲಾಗಿದೆ. ಸಮುದ್ರ ಎಲ್ಲರನ್ನೂ ಒಂದೇ ಸಮ ಬಡಿಯಿತು. ದಡಕ್ಕೆ ಬಂದವರು ಮತ್ತೆ ಸಾಲು ಕಟ್ಟಿದರು, ಹಳೆಯ ಸಾಲನ್ನೇ.

ಈಗ "ಹೊಟ್ಟೆ ತುಂಬಿದೋರ ಚಳವಳಿ" ಅನ್ನೋ ಮಾತಿಗೆ ಬರೋಣ. ಈ ಚಳವಳಿ ಹುಟ್ಟಿದ್ದು ಎಲ್ಲಿ? 1982ರಲ್ಲಿ, ನಮ್ಮವರು ಇಲ್ಲಿ ಊರೂರಿಗೆ ಸಂಘ ಕಟ್ಟುತ್ತಿದ್ದ ಕಾಲದಲ್ಲೇ, ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ವಾರನ್ ಕೌಂಟಿಯಲ್ಲಿ ಸರ್ಕಾರ ವಿಷ ಬೆರೆತ ಮಣ್ಣನ್ನು ಹೂಳಲು ಒಂದು ಜಾಗ ಹುಡುಕಿತು. ಆರಿಸಿದ್ದು ಬಡ ಕರಿಯರು ಹೆಚ್ಚಾಗಿದ್ದ ಜಾಗವನ್ನು. ಅಲ್ಲಿನ ಗಂಡಸರು, ಹೆಂಗಸರು, ಮಕ್ಕಳು ಲಾರಿಗಳಿಗೆ ಅಡ್ಡ ಮಲಗಿದರು. 500ಕ್ಕೂ ಹೆಚ್ಚು ಜನ ಬಂಧನಕ್ಕೆ ಒಳಗಾದರು. ಅವತ್ತು ಅವರು ಸೋತರು, ವಿಷ ಅಲ್ಲೇ ಹೂಳಲ್ಪಟ್ಟಿತು. ಆದರೆ ಪರಿಸರದ ಪ್ರಶ್ನೆಯ ಪಕ್ಕದಲ್ಲಿ ನ್ಯಾಯ ಅನ್ನೋ ಪದವನ್ನು ಕೂರಿಸಿದವರು ಅವರೇ. 1991ರಲ್ಲಿ ಕರಿಯರು, ಮೂಲನಿವಾಸಿಗಳು, ಬಣ್ಣದ ಜನರೆಲ್ಲ ವಾಷಿಂಗ್ಟನ್ನಿನಲ್ಲಿ ಸೇರಿ ಪರಿಸರ ನ್ಯಾಯದ 17 ತತ್ವಗಳನ್ನು ಒಪ್ಪಿಕೊಂಡರು. ಹವಾಮಾನ ನ್ಯಾಯ ಅನ್ನೋ ಮಾತು ಬೆಳೆದದ್ದು ಆ ಬೇರಿನಿಂದ. 1972ರಲ್ಲಿ ಬೊಂಬಾಯಿನ ನಮ್ಮ ಹುಡುಗರು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ಸ್ ಹೆಸರು ನೋಡಿ ತಮ್ಮ ಸಂಘಕ್ಕೆ ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟರು. ಆ ನೆಂಟಸ್ತಿಕೆ ಇರುವ ನಾವು, ಕರಿಯರು ಲಾರಿಗೆ ಅಡ್ಡ ಮಲಗಿ ಗಳಿಸಿದ ಪದವನ್ನು ಹೊಟ್ಟೆ ತುಂಬಿದವರ ಪದ ಅನ್ನೋದು ಸರಿಯೇ? ಹೊಟ್ಟೆ ತುಂಬಿದವರು ಅದನ್ನು ಆಮೇಲೆ ಎತ್ತಿಕೊಂಡರು, ಅಷ್ಟೇ. ಎತ್ತಿಕೊಳ್ಳಲು ಬಿಟ್ಟವರು ನಾವು.

ಇನ್ನು ಹುಡುಗರಿಂದ ಏನಾದೀತು ಅಂತ ಕೇಳುವವರಿಗೆ ಒಂದು ಸಂಗತಿ ಹೇಳಬೇಕು.

ಪೆಸಿಫಿಕ್ ಸಾಗರದಲ್ಲಿ ವನುವಾಟು ಅಂತ ಒಂದು ದೇಶವಿದೆ. ಎಂಬತ್ತಕ್ಕೂ ಹೆಚ್ಚು ದ್ವೀಪಗಳು, ಎಲ್ಲ ಸೇರಿ ಸುಮಾರು ಮೂರು ಲಕ್ಷ ಜನ. ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. ಸ್ವಾತಂತ್ರ್ಯ ಬಂದದ್ದು 1980ರಲ್ಲಿ. 2015ರಲ್ಲಿ ಪ್ಯಾಮ್ ಚಂಡಮಾರುತ ಆ ದೇಶವನ್ನು ನೆಲಕ್ಕೆ ಕೆಡವಿತು. 2020ರಲ್ಲಿ ಹೆರಾಲ್ಡ್ ಬಂತು. ಲೋಕದ ಹೊಗೆಯಲ್ಲಿ ಅವರ ಪಾಲು ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು.

ಅಲ್ಲಿನ ರಾಜಧಾನಿ ಪೋರ್ಟ್ ವಿಲಾದಲ್ಲಿ ಒಂದು ಕಾನೂನು ಕಾಲೇಜಿದೆ. ಸುತ್ತಲ ಪುಟ್ಟ ದೇಶಗಳೆಲ್ಲ ಸೇರಿ ನಡೆಸುವ ವಿಶ್ವವಿದ್ಯಾನಿಲಯದ್ದು. 2019ರಲ್ಲಿ ಅಲ್ಲಿನ 27 ವಿದ್ಯಾರ್ಥಿಗಳು, ಬೇರೆ ಬೇರೆ ದ್ವೀಪಗಳಿಂದ ಓದಲು ಬಂದವರು, ತರಗತಿಯಲ್ಲಿ ಎದ್ದ ಒಂದು ಪ್ರಶ್ನೆಯನ್ನು ಅಲ್ಲಿಗೇ ಬಿಡಲಿಲ್ಲ. ಒಬ್ಬರು ಮಾಡಿದ ಹೊಗೆಗೆ ಇನ್ನೊಬ್ಬರ ನೆಲ ಮುಳುಗಿದರೆ ಅದು ಕಾನೂನಿನ ಕಣ್ಣಲ್ಲಿ ತಪ್ಪೋ ಅಲ್ಲವೋ, ಲೋಕದ ನ್ಯಾಯಾಲಯವೇ ಹೇಳಲಿ ಅಂದರು. ಸಂಘ ಕಟ್ಟಿದರು. ಪೆಸಿಫಿಕ್ ದೇಶಗಳ ನಾಯಕರಿಗೆಲ್ಲ ಪತ್ರ ಬರೆದರು. ವನುವಾಟು ಸರ್ಕಾರ ಕಿವಿಗೊಟ್ಟಿತು. ಬೇರೆ ಖಂಡಗಳ ಯುವಕ ಯುವತಿಯರು ಜೊತೆಗೂಡಿದರು. ನಾಲ್ಕು ವರ್ಷ ಓಡಾಡಿದ ಮೇಲೆ, 2023ರ ಮಾರ್ಚ್ 29ರಂದು ವಿಶ್ವಸಂಸ್ಥೆಯ ಮಹಾಸಭೆ ಆ ಪ್ರಶ್ನೆಯನ್ನು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಮ್ಮತದಿಂದ ಕಳಿಸಿತು. ಆ ತಿಂಗಳ ಮೊದಲ ವಾರದಲ್ಲೇ ವನುವಾಟುವನ್ನು ಎರಡು ಚಂಡಮಾರುತಗಳು ಒಂದರ ಹಿಂದೆ ಒಂದು ಬಡಿದಿದ್ದವು.

2025ರ ಜುಲೈ 23ರಂದು ನ್ಯಾಯಾಲಯ ಒಕ್ಕೊರಲಿನಿಂದ ಅಭಿಪ್ರಾಯ ಕೊಟ್ಟಿತು. ಹವಾಮಾನ ಕಾಪಾಡುವುದು ದೇಶಗಳ ದಯೆ ಅಲ್ಲ, ಕಾನೂನಿನ ಹೊಣೆ. ಹೊಣೆ ಮುರಿದ ದೇಶ ತಪ್ಪು ಮಾಡಿದಂತೆ. ತಪ್ಪಿನಿಂದ ಹಾನಿಯಾಯಿತು ಅಂತ ಸಾಬೀತಾದರೆ ಪರಿಹಾರವನ್ನೂ ಕೇಳಬಹುದು. ಇದು ಸಲಹೆಯ ರೂಪದ ಅಭಿಪ್ರಾಯ, ಜಾರಿ ಮಾಡಿಸಲು ಅದರ ಹಿಂದೆ ಪೊಲೀಸರಿಲ್ಲ. ಅದು ನಿಜವೇ. ಆದರೆ ಕಾಗದ ಅಂತ ಕಡೆಗಣಿಸುವವರು ನಮ್ಮ ಚರಿತ್ರೆಯನ್ನೇ ಒಮ್ಮೆ ನೋಡಲಿ. 1923ರಲ್ಲಿ ಬೊಂಬಾಯಿ ಶಾಸನಸಭೆ ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅಂತ ಬೋಲೆಯವರ ಗೊತ್ತುವಳಿ ಅಂಗೀಕರಿಸಿತ್ತು. ಅದೂ ಕಾಗದವೇ. ಮಹಾಡಿನ ಚವದಾರ್ ಕೆರೆಯ ನೀರು ಮುಟ್ಟಲು ಅದರಿಂದ ಯಾರಿಗೂ ಆಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಬೊಗಸೆ ನೀರು ಕುಡಿದ ಮೇಲೆ ಆ ಕಾಗದಕ್ಕೆ ಜೀವ ಬಂತು. ಅದಾದ ಮೇಲೂ ಹತ್ತು ವರ್ಷ ಕೋರ್ಟು ಅಲೆಯಬೇಕಾಯಿತು. 1937ರಲ್ಲಿ ಬೊಂಬಾಯಿ ಹೈಕೋರ್ಟು ನಮ್ಮ ಕಡೆ ತೀರ್ಪು ಕೊಟ್ಟಿತು. ಕಾಗದ ಹುಟ್ಟಿಸುವುದು ಒಂದು ಕೆಲಸ, ಕಾಗದ ಹಿಡಿದು ಕೆರೆಗೆ ಇಳಿಯುವುದು ಇನ್ನೊಂದು ಕೆಲಸ. ಆ 27 ಮಕ್ಕಳು ಮೊದಲನೆಯದನ್ನು ಮಾಡಿದ್ದಾರೆ.

ಎರಡನೆಯದು ನಮ್ಮ ಪಾಲಿನದು. ಯಾಕೆ ಅಂತೀರಾ? ಇದೇ ಈ ಬರಹದ ಮುಖ್ಯ ಮಾತು, ಸ್ವಲ್ಪ ತಾಳ್ಮೆಯಿಂದ ಓದಿ.

2024ರ ಡಿಸೆಂಬರಿನಲ್ಲಿ ಹೇಗ್ ನ್ಯಾಯಾಲಯದ ಮುಂದೆ ಭಾರತ ಸರ್ಕಾರವೂ ನಿಂತು ವಾದ ಮಾಡಿತು. ಏನಂತ? ಹೊಗೆ ಮಾಡಿದ್ದು ಶ್ರೀಮಂತ ದೇಶಗಳು, ಅನುಭವಿಸುತ್ತಿರುವುದು ಬಡ ದೇಶಗಳು, ಆದ್ದರಿಂದ ಹೆಚ್ಚು ಹೊಣೆ ಶ್ರೀಮಂತರೇ ಹೊರಬೇಕು ಅಂತ. ನೂರಕ್ಕೆ ನೂರು ಸರಿ. 2019ರ ಲೆಕ್ಕದಲ್ಲಿ ಲೋಕದ ಅತಿ ಶ್ರೀಮಂತ ಶೇ 1 ಜನ ಮಾಡಿದ ಹೊಗೆ, ತಳದ ಮೂರನೇ ಎರಡು ಭಾಗ ಬಡವರು ಸೇರಿ ಮಾಡಿದಷ್ಟಿತ್ತು ಎಂದು ಆಕ್ಸ್‌ಫಾಮ್ ಸಂಸ್ಥೆ ತೋರಿಸಿದೆ. ಭಾರತ ಮೇಲಿನವರನ್ನು ನ್ಯಾಯ ಕೇಳಿತು. ಒಳ್ಳೆಯದೇ.

ಅದೇ ವರ್ಷ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಸರ್ಕಾರ ಬರ ಪರಿಹಾರ ಕೊಡುತ್ತಿಲ್ಲ ಅಂತ ಕೇಂದ್ರದ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. 18,171 ಕೋಟಿ ರೂಪಾಯಿ ಕೇಳಿತ್ತು, ಏಪ್ರಿಲ್ ಕೊನೆಗೆ 3,454 ಕೋಟಿ ಬಂತು. ಕರ್ನಾಟಕ ಮೇಲಿನವರನ್ನು ನ್ಯಾಯ ಕೇಳಿತು. ಅದೂ ಒಳ್ಳೆಯದೇ.

ಬಂದ ಬೆಳೆ ಪರಿಹಾರ ಯಾರಿಗೆ ಹೋಯಿತು? ಪಹಣಿ ಇದ್ದವರ ಖಾತೆಗೆ. ರೈತ ಕೇಳಿದ, ರೈತನಿಗೆ ಸಿಕ್ಕಿತು, ಸಾಲದಾದರೂ ಸಿಕ್ಕಿತು. ಅವನ ಕಷ್ಟ ನಾವು ಬಲ್ಲೆವು. ಆದರೆ ಆ ಹೊಲದಲ್ಲಿ ಕಳೆ ಕಿತ್ತವಳು, ಮೂಟೆ ಹೊತ್ತವನು? ಬೆಳೆ ಒಣಗಿದ ದಿನವೇ ಅವರ ಕೂಲಿಯೂ ಒಣಗಿತಲ್ಲ? ಎಕರೆ ಇಲ್ಲದವನಿಗೆ ಎಕರೆ ಲೆಕ್ಕದಲ್ಲಿ ಏನು ಬರುತ್ತೆ? ಸೊನ್ನೆ.

ನೋಡಿದಿರಾ ಏಣಿ? ಪ್ರತಿ ಮೆಟ್ಟಿಲಿನವನೂ ಮೇಲಿನವನನ್ನು ನ್ಯಾಯ ಕೇಳುತ್ತಾನೆ. ಕೆಳಗಿನವನು ಕೇಳಿದರೆ ಕಿವುಡಾಗುತ್ತಾನೆ. ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಅಂತ ಕರೆದದ್ದು ಇದಕ್ಕೇ. ಬರೀ ಮೇಲು ಕೀಳು ಅಂತಿದ್ದರೆ ಕೀಳಾದವರೆಲ್ಲ ಒಂದಾಗಿ ಎದ್ದುಬಿಡುತ್ತಿದ್ದರು. ಏಣಿಯಾದ್ದರಿಂದ ಪ್ರತಿಯೊಬ್ಬನಿಗೂ ತುಳಿಯೋಕೆ ಒಂದು ತಲೆ ಸಿಗುತ್ತೆ. ಈಗ ಹವಾಮಾನವೂ ಅದೇ ಏಣಿ ಹತ್ತಿ ಕೂತಿದೆ.

ಇನ್ನೊಂದು ಉದಾಹರಣೆ ನಮ್ಮ ಮನೆ ಬಾಗಿಲಿನದು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕು ಎದ್ದಿದೆ. 2018ರಲ್ಲಿ ಶುರುವಾಯಿತು, ಮುಂದಿನ ವರ್ಷದ ಕೊನೆಗೆ 2,050 ಮೆಗಾವಾಟ್ ಮುಟ್ಟಿತು. ಕಲ್ಲಿದ್ದಲು ಸುಡದೆ ಕರೆಂಟು ಬರುತ್ತೆ. ಬೇಡ ಅನ್ನೋ ಮೂರ್ಖರು ನಾವಲ್ಲ, ಸೂರ್ಯನ ಕರೆಂಟು ಬೇಕೇ ಬೇಕು. ಜಮೀನನ್ನು ಕಿತ್ತುಕೊಳ್ಳಲಿಲ್ಲ, 28 ವರ್ಷಕ್ಕೆ ಗುತ್ತಿಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಬರದ ಸೀಮೆಯ ಭೂಮಾಲೀಕನಿಗೆ ಇದು ಮಳೆ ಬಂದ ಹಾಗೆ. ದೇಶ ವಿದೇಶದ ಪತ್ರಿಕೆಗಳಲ್ಲಿ ಫೋಟೋ ಬಂತು.

ಆದರೆ ಅದೇ ಹೊಲಗಳಲ್ಲಿ ಕೂಲಿ ಮಾಡಿ ಬದುಕುತ್ತಿದ್ದವರ ಹೆಸರು ಯಾವ ಗುತ್ತಿಗೆ ಪತ್ರದಲ್ಲೂ ಇಲ್ಲ. ಬೇಲಿ ಬಿತ್ತು. ಕಡಲೆಕಾಯಿ ಹೊಲ ಹೋಯಿತು, ಅದರ ಕೂಲಿ ಹೋಯಿತು. ಕುರಿ ಮೇಕೆ ಮೇಯಿಸುವ ಬಯಲು ಹೋಯಿತು. ಬಂದದ್ದು ಏನು? ಗಾಜಿನ ಫಲಕದ ಅಡಿ ಹುಲ್ಲು ಕೀಳುವ ಕೆಲಸ, ಫಲಕ ತೊಳೆಯುವ ಕೆಲಸ, ಗೇಟು ಕಾಯುವ ಕೆಲಸ. ಅದೂ ಕೆಲವರಿಗೆ. ಉಳಿದವರು ಬೆಂಗಳೂರು ಬಸ್ಸು ಹತ್ತಿದರು. ಭೂಮಿ ಇದ್ದವನಿಗೆ ಸೂರ್ಯ ಬಾಡಿಗೆ ಕೊಟ್ಟ, ಭೂಮಿ ಇಲ್ಲದವನಿಗೆ ಬರೀ ಬಿಸಿಲು ಕೊಟ್ಟ. ನಮಗೆ ಭೂಮಿ ಯಾಕಿಲ್ಲ ಅನ್ನೋದು ಸೂರ್ಯನ ತಪ್ಪಲ್ಲ. ಅದು ಸಾವಿರ ವರ್ಷದ ತಪ್ಪು. ಆ ತಪ್ಪಿನ ಮೇಲೆಯೇ ಹೊಸ ಕಾಲದ ಲೆಕ್ಕ ಬರೆದರೆ, ಹಸಿರು ಅನ್ನೋದು ಹಳೆಯ ಜಮೀನ್ದಾರಿಕೆಗೆ ಹೊಡೆದ ಹೊಸ ಬಣ್ಣ ಆಗುತ್ತೆ.

ಶಿಬಿರದಲ್ಲಿ ನಮ್ಮ ಹಿರಿಯರು ನೆಲದ ಚಿಂತೆ, ಆಕಾಶದ ಚಿಂತೆ ಅಂತ ಎರಡು ಮಾಡಿದರಲ್ಲ, ಪಾವಗಡಕ್ಕೆ ಹೋಗಿ ನೋಡಲಿ. ಅಲ್ಲಿ ಎರಡೂ ಒಂದೇ. ಮುಂದಿನ ಮೂವತ್ತು ವರ್ಷ ಈ ದೇಶದಲ್ಲಿ ಭೂಮಿ ಯಾರ ಕೈಗೆ ಹೋಗುತ್ತೆ ಅನ್ನೋದನ್ನು ಹವಾಮಾನದ ಹೆಸರಲ್ಲೇ ತೀರ್ಮಾನ ಮಾಡ್ತಾರೆ. ಫಲಕ, ಗಾಳಿಯಂತ್ರ, ಅಣೆಕಟ್ಟು, ನೆಡುತೋಪು ಎಲ್ಲದಕ್ಕೂ ನೆಲ ಬೇಕು. ನಾವು ಆ ಸಭೆಯಲ್ಲಿ ಇಲ್ಲದಿದ್ದರೆ ನಮ್ಮನ್ನು ಬಿಟ್ಟೇ ತೀರ್ಮಾನ ಆಗುತ್ತೆ.

ಈಗ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. ಏಣಿ ನಮ್ಮ ಕೇರಿಯ ಬಾಗಿಲಲ್ಲಿ ಮುಗಿಯೋದಿಲ್ಲ, ಒಳಕ್ಕೂ ಬರುತ್ತೆ. ಬೋರು ಬತ್ತಿದಾಗ ಎರಡು ಮೈಲಿ ಕೊಡ ಹೊರೋದು ಯಾರು? ಅಪ್ಪ ಅಲ್ಲ, ರಜಕ್ಕೆ ಬಂದ ಹಾಸ್ಟೆಲ್ ಮಗನೂ ಅಲ್ಲ. ಅವ್ವ, ಅಕ್ಕ, ತಂಗಿ. ಟ್ಯಾಂಕರು ಬರೋ ಹೊತ್ತಿಗೆ ಮನೇಲಿ ಇರಬೇಕು ಅಂತ ನಿನ್ನ ತಂಗಿ ಎಷ್ಟು ದಿನ ಸ್ಕೂಲು ಬಿಟ್ಟಳು, ಲೆಕ್ಕ ಇಟ್ಟಿದ್ದೀಯಾ? ನಿನ್ನ ಓದಿಗೆ ಅವಳು ಹೊತ್ತ ನೀರಿನ ಬೆಲೆ ಸೇರಿದೆ. ಕೇರಿಯ ಅಂಚಿನಲ್ಲಿ ಗುಡಾರ ಹಾಕಿದ ಅಲೆಮಾರಿಗಳಿಗೆ ನಮ್ಮ ನಲ್ಲಿ ಬಿಟ್ಟುಕೊಟ್ಟಿದ್ದೀವಾ? ಕೆಳಗಿನ ಮೆಟ್ಟಿಲಿಗೆ ಕಿವುಡಾಗಿ ಮೇಲಿನ ಮೆಟ್ಟಿಲನ್ನು ನ್ಯಾಯ ಕೇಳೋ ಹಕ್ಕು ನಮಗೂ ಇಲ್ಲ. ಇದನ್ನು ಹೇಳದೆ ಉಳಿದದ್ದನ್ನೆಲ್ಲ ಹೇಳಿದರೆ ಈ ಪತ್ರಿಕೆ ಸುಳ್ಳು ಹೇಳಿದಂತೆ.

ಇನ್ನು ಹುಡುಗ ಕೇಳಿದ ಪ್ರಶ್ನೆ. ಜಾಥಾಕ್ಕೆ ಹೋಗೋದಾ, ಬಿಡೋದಾ?

ಹೋಗಿ. ಆದರೆ ಬೋರ್ಡು ಹಿಡಿಯುವ ಕೈಗಳಾಗಿ ಹೋಗಬೇಡಿ.

2018ರ ಆಗಸ್ಟಿನಲ್ಲಿ ಸ್ವೀಡನ್ನಿನ ಹದಿನೈದು ವರ್ಷದ ಹುಡುಗಿ ಗ್ರೇಟಾ ಥನ್‌ಬರ್ಗ್ ಸಂಸತ್ತಿನ ಮುಂದೆ ಒಬ್ಬಳೇ ಕೂತಳು. ಒಂದು ವರ್ಷದಲ್ಲಿ ಲೋಕದ ತುಂಬ ಲಕ್ಷಾಂತರ ಮಕ್ಕಳು ತರಗತಿ ಬಿಟ್ಟು ಬೀದಿಗೆ ಬಂದರು. ಅದು ಸಣ್ಣ ಮಾತಲ್ಲ, ನಾವು ಅದನ್ನು ಗೌರವಿಸುತ್ತೇವೆ. ಆದರೆ 2020ರ ಜನವರಿಯಲ್ಲಿ ದಾವೋಸ್‌ನಲ್ಲಿ ಏನಾಯಿತು ನೋಡಿ. ಐವರು ಯುವತಿಯರು ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ನಾಲ್ವರು ಯೂರೋಪಿನ ಬಿಳಿಯರು, ಒಬ್ಬಳು ಆಫ್ರಿಕಾದ ಉಗಾಂಡಾದಿಂದ ಬಂದ ವನೆಸ್ಸಾ ನಕಾಟೆ. ಒಂದು ದೊಡ್ಡ ಸುದ್ದಿಸಂಸ್ಥೆ ಹಂಚಿದ ಚಿತ್ರದಲ್ಲಿ ನಾಲ್ವರೇ ಇದ್ದರು. ಅಂಚಿಗೆ ನಿಂತಿದ್ದ ಕರಿಯ ಹುಡುಗಿಯನ್ನು ಕತ್ತರಿಸಿ ಬಿಟ್ಟಿದ್ದರು. ಆಕೆ ಸುಮ್ಮನಿರಲಿಲ್ಲ, ಯಾಕೆ ನನ್ನನ್ನು ತೆಗೆದಿರಿ ಅಂತ ಲೋಕದ ಮುಂದೆ ಕೇಳಿದಳು. ಸುದ್ದಿಸಂಸ್ಥೆ ಕ್ಷಮೆ ಕೇಳಬೇಕಾಯಿತು. ಫೋಟೋದ ಅಂಚಿನಲ್ಲಿ ನಿಲ್ಲೋದು, ಆಮೇಲೆ ಕತ್ತರಿಗೆ ಸಿಗೋದು ನಮಗೆ ಹೊಸ ಅನುಭವ ಅಲ್ಲ. ಊರ ಚಿತ್ರದಿಂದ ನಮ್ಮ ಕೇರಿಯನ್ನು ಎಷ್ಟು ಶತಮಾನ ಕತ್ತರಿಸಿ ಇಟ್ಟಿದ್ದರು! ಆದ್ದರಿಂದ ಜಾಥಾದಲ್ಲಿ ಮೈಕು ಕೇಳಿ. ಬೋರ್ಡಿನ ಮೇಲೆ ಏನು ಬರೆಯಬೇಕು ಅನ್ನೋದನ್ನು ನೀವೂ ಕೂತು ತೀರ್ಮಾನಿಸಿ.

ಭಯವೂ ಇರುತ್ತೆ, ಇಲ್ಲ ಅಂತ ಹೇಳೋದಿಲ್ಲ. 2021ರ ಫೆಬ್ರವರಿಯಲ್ಲಿ ಬೆಂಗಳೂರಿನ 22 ವರ್ಷದ ದಿಶಾ ರವಿಯನ್ನು ದೆಹಲಿ ಪೊಲೀಸರು ಬಂದು ಹಿಡಿದೊಯ್ದರು. ರೈತ ಹೋರಾಟಕ್ಕೆ ಬೆಂಬಲವಾಗಿ ತಯಾರಾದ ಒಂದು ಕೈಪಿಡಿಯನ್ನು ತಿದ್ದಿ ಹಂಚಿದಳು ಅಂತ ರಾಜದ್ರೋಹದ ಕೇಸು ಹಾಕಿದರು. ಹತ್ತು ದಿನದಲ್ಲಿ ದೆಹಲಿಯ ನ್ಯಾಯಾಲಯ ಸಾಕ್ಷ್ಯ ತೀರ ತೆಳು ಅಂತ ಹೇಳಿ ಜಾಮೀನು ಕೊಟ್ಟಿತು. ಆಕೆಯ ಧೈರ್ಯಕ್ಕೆ ನಮ್ಮ ನಮಸ್ಕಾರ. ಆದರೆ ಅವಳ ಜಾಗದಲ್ಲಿ ಹಾಸ್ಟೆಲಿನ ಹುಡುಗಿ ಇದ್ದಿದ್ದರೆ ಟಿವಿಯವರು ಬರುತ್ತಿದ್ದರಾ, ದೊಡ್ಡ ವಕೀಲರು ನಿಲ್ಲುತ್ತಿದ್ದರಾ ಅನ್ನೋ ಪ್ರಶ್ನೆಯನ್ನೂ ಮನಸ್ಸಲ್ಲಿ ಇಟ್ಟುಕೊಳ್ಳಿ. ಅದಕ್ಕೇ ಹೇಳೋದು, ಒಬ್ಬೊಬ್ಬರೇ ಹೋಗಬೇಡಿ, ಸಂಘವಾಗಿ ಹೋಗಿ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆ ಎದ್ದು ಹಾಸ್ಟೆಲುಗಳ ಮೇಲೆ ಕಲ್ಲು ಬಿದ್ದಾಗ ನಮ್ಮ ಹುಡುಗರನ್ನು ಕಾಪಾಡಿದ್ದು ಒಗ್ಗಟ್ಟೇ. ನಮ್ಮ ಚಳವಳಿ ಬೆಳೆದದ್ದು ಆ ಹಾಸ್ಟೆಲ್ ರೂಮುಗಳಿಂದಲೇ.

ಜಾಥಾ ಒಂದು ದಿನದ್ದು. ಮಾರನೆ ದಿನದ ಕೆಲಸ ಇಲ್ಲಿದೆ.

ಒಂದು: ಹಾಸ್ಟೆಲಿನಿಂದ ಶುರು ಮಾಡಿ. ಹತ್ತು ರೂಪಾಯಿಯ ನೋಟ್ ಬುಕ್ ತಗೊಳ್ಳಿ. ಮಾರ್ಚಿನಿಂದ ಜೂನಿನವರೆಗೆ ದಿನಾ ಮಧ್ಯಾಹ್ನ ಮತ್ತು ರಾತ್ರಿ ರೂಮಿನ ಒಳಗೆ ಎಷ್ಟು ಡಿಗ್ರಿ, ಎಷ್ಟು ಗಂಟೆ ನೀರು ಬಂತು, ಯಾರು ಕಾಯಿಲೆ ಬಿದ್ದರು ಅಂತ ಬರೆಯಿರಿ. ವಾರ್ಡನ್ ಮುಂದೆ ಅತ್ತರೆ ಗೋಳು ಅಂತಾರೆ. ನಾಲ್ಕು ತಿಂಗಳ ಲೆಕ್ಕ ಮುಂದಿಟ್ಟರೆ ಅದು ದಾಖಲೆ.

ಎರಡು: ರಜಕ್ಕೆ ಊರಿಗೆ ಹೋದಾಗ ಕೇರಿಯ ಪಟ್ಟಿ ಮಾಡಿ. ಎಷ್ಟು ಮನೆಗೆ ತಗಡು, ಎಷ್ಟು ಮನೆ ತಗ್ಗಿನಲ್ಲಿ, ಟ್ಯಾಂಕರು ಮೊದಲು ಎಲ್ಲಿ ನಿಲ್ಲುತ್ತೆ, ಕೊನೆಗೆ ಎಲ್ಲಿಗೆ ಬರುತ್ತೆ. ನೀರು ಹೊರುವ ಹೆಂಗಸರನ್ನೇ ಮೊದಲು ಕೇಳಿ. ನೀವೂ ಒಂದು ಕೊಡ ಹೊತ್ತು ಕೇಳಿ.

ಮೂರು: ಕಾನೂನು ಓದಿ. ಸಾರ್ವಜನಿಕ ಕೆರೆ, ಬಾವಿ, ನಲ್ಲಿ ಬಳಸಲು ದಲಿತರಿಗೆ ಅಡ್ಡಿ ಮಾಡುವುದು ದೌರ್ಜನ್ಯ ತಡೆ ಕಾಯ್ದೆಯ 2015ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಅಪರಾಧ. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ರಕ್ಷಣೆ ಪಡೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗಳಿಂದ ಬರುವ ಹಕ್ಕು ಅಂತ 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಸಮಾನತೆಯ ವಿಧಿ, ಬದುಕಿನ ವಿಧಿ. ಎರಡೂ ಬಾಬಾಸಾಹೇಬರು ಕಟ್ಟಿದ ಮನೆಯ ಕಂಬಗಳೇ.

ನಾಲ್ಕು: ಬರವೋ ನೆರೆಯೋ ಬಂದಾಗ ಪಹಣಿ ಇಲ್ಲದ ಕೂಲಿಕಾರನಿಗೂ ಕಳೆದುಕೊಂಡ ಕೂಲಿಗೆ ಪರಿಹಾರ ಬೇಕು ಅಂತ ಗ್ರಾಮಸಭೆಯಲ್ಲಿ ಅರ್ಜಿ ಕೊಡಿ. ಸೌರ ಪಾರ್ಕು ಬರುವ ಊರಿನಲ್ಲಿ ಭೂಮಿ ಇಲ್ಲದ ಪ್ರತಿ ಮನೆಗೂ ವರ್ಷ ವರ್ಷ ಪಾಲು ಬೇಕು ಅಂತ ಗುತ್ತಿಗೆ ಆಗುವ ಮುಂಚೆಯೇ ಕೇಳಿ. ಬೇಲಿ ಬಿದ್ದ ಮೇಲೆ ಕೇಳಿದರೆ ಗೇಟು ಕಾಯುವ ಕೆಲಸ ಮಾತ್ರ ಸಿಗುತ್ತೆ.

ಇದೆಲ್ಲ ಮಾಡಿದರೆ ನಾಳೆಯೇ ಮಳೆ ಬರುತ್ತೆ ಅಂತ ನಾವು ಹೇಳುತ್ತಿಲ್ಲ. ಈಗಾಗಲೇ ಏರಿದ ಬಿಸಿ ನಮ್ಮ ಕಾಲದಲ್ಲಿ ಇಳಿಯೋದು ಕಷ್ಟ. ಅದಕ್ಕೇ ಈ ಕೆಲಸ ಇನ್ನೂ ಜರೂರು. ಮುಂದಿನ ದಿನಗಳು ಇನ್ನೂ ಬಿಸಿಯಾಗುವುದಾದರೆ, ನೆರಳನ್ನು ಹೇಗೆ ಹಂಚಬೇಕು ಅನ್ನೋ ಜಗಳವನ್ನು ಈಗಲೇ ಹೂಡಬೇಕು. ನಮ್ಮ ಹಿರಿಯರು ನೀರಿಗಾಗಿ ಹೂಡಿದರು, ಭೂಮಿಗಾಗಿ ಹೂಡಿದರು. ನೆರಳಿಗಾಗಿ ಹೂಡುವ ಸರದಿ ನಿಮ್ಮದು.

ಶಿಬಿರದಲ್ಲಿ ಸುಮ್ಮನೆ ಕೂತುಕೊಂಡ ಆ ತಮ್ಮನಿಗೆ ಒಂದು ಮಾತು. ನಾವು ಅವತ್ತು ಚಪ್ಪಾಳೆ ತಟ್ಟಿದ್ದು ತಪ್ಪು. ಮುಂದಿನ ಸಭೆಗೆ ನಿನ್ನ ನೋಟ್ ಬುಕ್ ತೆಗೆದುಕೊಂಡು ಬಾ. ಮೊದಲ ಭಾಷಣ ನಿನ್ನದು. ಸಭೆ ತಗಡಿನ ಶೆಡ್ಡಿನಲ್ಲಿ ಬೇಡ, ಹುಣಸೆ ಮರದ ಕೆಳಗೆ ಸೇರೋಣ. ಊರಿನವರು ಅದು ನಮ್ಮ ಮರ ಅಂದರೆ, ಜಗಳವನ್ನು ಅಲ್ಲಿಂದಲೇ ಶುರು ಮಾಡೋಣ.

ಜೈ ಭೀಮ್.

ಸಂಪಾದಕ ಬಳಗ